ಮಗುವಿಗೆ ಮುಂಚಿನ ನೂರು ದಿನ: ಗರ್ಭಧಾರಣೆಗೆ ಮೊದಲು ತಂದೆ-ತಾಯಿಯರ ಕುಡಿತ ಮತ್ತು ಒತ್ತಡವನ್ನು ನಿಭಾಯಿಸಲು ಸಮಗ್ರ ಮಾರ್ಗದರ್ಶಿ

ಮಗು ಬೇಕೆಂದು ನಿರ್ಧರಿಸಿದ ದಂಪತಿಗೆ ನಮ್ಮ ಮನೆಗಳಲ್ಲಿ ಸಿಗುವ ಉಪದೇಶವೆಲ್ಲ ಹೆಣ್ಣಿನ ಪಾಲಿಗೇ ಬರುತ್ತದೆ. ಪಪ್ಪಾಯಿ ತಿನ್ನಬೇಡ, ಭಾರ ಎತ್ತಬೇಡ, ಸ್ಕೂಟರಿನಲ್ಲಿ ಓಡಾಡಬೇಡ, ಹೊತ್ತಿಗೆ ಸರಿಯಾಗಿ ಮಲಗು ಎಂಬುದೆಲ್ಲ ಅವಳಿಗೆ. ಶನಿವಾರ ಸಂಜೆ ಗೆಳೆಯರ ಜೊತೆ ಕೂತು ಒಂದು ಕ್ವಾರ್ಟರ್ ಮುಗಿಸಿ ಬರುವ ಗಂಡನಿಗೆ ಈ ವಿಷಯದಲ್ಲಿ ಯಾರೂ ಏನೂ ಹೇಳುವುದಿಲ್ಲ, ಏಕೆಂದರೆ ಹೊಟ್ಟೆಯಲ್ಲಿ ಮಗುವನ್ನು ಹೊರುವವನು ಅವನಲ್ಲ. ಆದರೆ ಲೆಕ್ಕ ಬೇರೆಯೇ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15 ವರ್ಷ ದಾಟಿದ ಭಾರತೀಯ ಗಂಡಸರಲ್ಲಿ ಸುಮಾರು ಶೇ. 19ರಷ್ಟು ಮಂದಿ ಮದ್ಯ ಸೇವಿಸುತ್ತಾರೆ, ಹೆಂಗಸರಲ್ಲಿ ಸುಮಾರು ಶೇ. 1 ಮಾತ್ರ. ಗರ್ಭಧಾರಣೆಗೆ ಮುಂಚಿನ ಕುಡಿತ ಎಂಬುದು ನಮ್ಮ ದೇಶದಲ್ಲಿ ಬಹುಮಟ್ಟಿಗೆ ತಂದೆಯ ವಿಷಯ. ಈ ಮಾರ್ಗದರ್ಶಿಯನ್ನು ಇಬ್ಬರೂ ಒಟ್ಟಿಗೆ ಓದಬೇಕೆಂದೇ ಬರೆಯಲಾಗಿದೆ. ಒಬ್ಬರೇ ಓದುವುದಾದರೆ ಗಂಡ ಓದಲಿ.

ಹೆಜ್ಜೆ 1: ದೇಹದ ಪಂಚಾಂಗವನ್ನು ತಿಳಿದುಕೊಳ್ಳಿ

ವೃಷಣದಲ್ಲಿ ಒಂದು ವೀರ್ಯಾಣು ಮೂಲ ಕೋಶದಿಂದ ಹೊರಟು ಬಾಲವುಳ್ಳ ಪೂರ್ಣ ರೂಪಕ್ಕೆ ಬರಲು ಸುಮಾರು 74 ದಿನ ಬೇಕಾಗುತ್ತದೆ. ಅಲ್ಲಿಂದ ಅದು ವೃಷಣದ ಹಿಂಬದಿಗೆ ಅಂಟಿಕೊಂಡಿರುವ ಎಪಿಡಿಡಿಮಿಸ್ ಎಂಬ ಸುರುಳಿನಾಳದೊಳಗೆ ಸಾಗುತ್ತಾ ಸುಮಾರು ಎರಡು ವಾರ ಪಕ್ವವಾಗುತ್ತದೆ. ಹಾಗಾಗಿ ಈ ತಿಂಗಳು ಮಗುವಿಗೆ ಕಾರಣವಾಗುವ ವೀರ್ಯಾಣು ತಯಾರಾಗತೊಡಗಿದ್ದು ಮೂರು ತಿಂಗಳ ಹಿಂದೆ. ಯುಗಾದಿಯ ಹೊತ್ತಿಗೆ ಗರ್ಭ ನಿಲ್ಲಲಿ ಎಂದು ಬಯಸುವವರ ವೀರ್ಯಾಣು ಹೊಸ ವರ್ಷದ ಪಾರ್ಟಿಯ ದಿನಗಳಲ್ಲೇ ರೂಪುಗೊಳ್ಳುತ್ತಿರುತ್ತದೆ.

ಹೆಣ್ಣಿನ ಲೆಕ್ಕ ಭಿನ್ನ. ಹೆಣ್ಣುಮಗು ಹುಟ್ಟುವಾಗಲೇ ಹತ್ತರಿಂದ ಇಪ್ಪತ್ತು ಲಕ್ಷದಷ್ಟು ಅಂಡಕೋಶಗಳನ್ನು ಹೊತ್ತು ಬಂದಿರುತ್ತದೆ. ಅವುಗಳಲ್ಲಿ ಜೀವನವಿಡೀ ಬಿಡುಗಡೆಯಾಗುವುದು ನಾನೂರೋ ಐನೂರೋ ಮಾತ್ರ. ವರ್ಷಗಟ್ಟಲೆ ನಿದ್ದೆಯಲ್ಲಿದ್ದ ಅಂಡಾಣುವಿನ ಕೋಶಿಕೆ ಎಚ್ಚೆತ್ತು ಬಿಡುಗಡೆಯ ಹಂತಕ್ಕೆ ಬೆಳೆಯುವ ಕೊನೆಯ ಅವಧಿಯೂ ಹೆಚ್ಚುಕಡಿಮೆ ಮೂರು ತಿಂಗಳೇ. ಆದ್ದರಿಂದ ದಂಪತಿಗೆ ಒಂದೇ ಗಡುವು ಹೊಂದುತ್ತದೆ: ಪ್ರಯತ್ನ ಆರಂಭಿಸುವ ದಿನಕ್ಕೆ ನೂರು ದಿನ ಮುಂಚಿನ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಆ ನೂರು ದಿನ ಕಾಂಡೋಮನ್ನೋ ವೈದ್ಯರು ಸೂಚಿಸಿದ ಬೇರೆ ವಿಧಾನವನ್ನೋ ಬಳಸಿ ಗರ್ಭವನ್ನು ತಡೆಯಬೇಕು. ತಯಾರಿಯ ಉತ್ಸಾಹದಲ್ಲಿ ಈ ಭಾಗವನ್ನು ಮರೆಯುವವರೇ ಹೆಚ್ಚು.

ಹೆಜ್ಜೆ 2: ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಅಳೆಯಿರಿ

ಹೆದರಿಸುವ ಸುದ್ದಿ ಬೇಗ ಹರಡುವ ಕಾಲವಿದು. ಆದ್ದರಿಂದ ಈ ಹೆಜ್ಜೆಯಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು.

ಬಸಿರಿನ ಅವಧಿಯಲ್ಲಿ ತಾಯಿ ಕುಡಿದರೆ ಮಗುವಿಗೆ ಹಾನಿಯಾಗುತ್ತದೆ ಎಂಬುದರಲ್ಲಿ ಯಾವ ಅನುಮಾನವೂ ಇಲ್ಲ. 1899ರಲ್ಲಿ ಲಿವರ್‌ಪೂಲಿನ ಜೈಲಿನ ವೈದ್ಯ ವಿಲಿಯಂ ಸಲಿವನ್ ಅವರು ಕುಡಿತದ ಚಟವಿದ್ದ ಕೈದಿ ತಾಯಂದಿರಲ್ಲಿ ಮಕ್ಕಳ ಸಾವು ಹೆಚ್ಚೆಂದು ದಾಖಲಿಸಿದ್ದರು. ಬಸಿರಿನಲ್ಲಿ ಜೈಲು ಸೇರಿ, ಮದ್ಯ ಸಿಗದೆ ಉಳಿದ ಕೆಲವು ತಾಯಂದಿರಿಗೆ ಆರೋಗ್ಯವಂತ ಮಕ್ಕಳು ಹುಟ್ಟಿದ್ದನ್ನೂ ಅವರು ಗಮನಿಸಿದ್ದರು. 1973ರಲ್ಲಿ ಸಿಯಾಟಲ್‌ನ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಅವರು ಕಿರಿದಾದ ಕಣ್ಣು, ತೆಳ್ಳನೆಯ ಮೇಲ್ದುಟಿ, ಕುಂಠಿತ ಬೆಳವಣಿಗೆ, ಮಿದುಳಿನ ತೊಂದರೆ ಇವೆಲ್ಲ ಒಟ್ಟಾಗಿ ಕಾಣುವ ಸ್ಥಿತಿಗೆ ಭ್ರೂಣದ ಮದ್ಯ ಲಕ್ಷಣಕೂಟ ಎಂಬ ಅರ್ಥದ ಹೆಸರಿಟ್ಟರು. ರೋಗನಿರ್ಣಯದ ನಿಯಮಗಳು ಆಗಿನಿಂದಲೂ ತಾಯಿಯ ಕುಡಿತವನ್ನೇ ಕೇಳುತ್ತಾ ಬಂದಿವೆ. ಅಮೆರಿಕದ ಬಾಟಲಿಗಳ ಮೇಲಿನ ಎಚ್ಚರಿಕೆಯಲ್ಲೂ ಜನ್ಮದೋಷದ ಮಾತು ಗರ್ಭಿಣಿಯರಿಗೆ ಮಾತ್ರ. ನಮ್ಮ ಬಾಟಲಿಗಳ ಮೇಲಿನ ಎಚ್ಚರಿಕೆ ಆರೋಗ್ಯದ ಬಗ್ಗೆ, ಕುಡಿದು ವಾಹನ ಓಡಿಸುವುದರ ಬಗ್ಗೆ ಹೇಳುತ್ತದೆ. ಹುಟ್ಟಲಿರುವ ಮಗುವಿನ ಮಾತು ಅಲ್ಲಿ ಬರುವುದಿಲ್ಲ.

ತಂದೆಯ ಪಾಲನ್ನು ಪ್ರಯೋಗಾಲಯದಲ್ಲಿ ಗಂಭೀರವಾಗಿ ಹುಡುಕಿದವರಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಮೈಕೆಲ್ ಗೋಲ್ಡಿಂಗ್ ಅವರ ತಂಡ ಮುಖ್ಯವಾದುದು. ಗಂಡು ಇಲಿಗಳಿಗೆ ಮಾತ್ರ ಮದ್ಯ ಕುಡಿಸಿ, ಹೆಣ್ಣಿಲಿಗಳನ್ನು ಅದರಿಂದ ದೂರವಿಟ್ಟು ಮರಿ ಮಾಡಿಸಿದಾಗಲೂ ಮರಿಗಳ ಮುಖ ಮತ್ತು ತಲೆಬುರುಡೆಯ ರಚನೆಯಲ್ಲಿ ವ್ಯತ್ಯಾಸ ಕಂಡುಬಂತೆಂದು ಅವರು 2023ರಲ್ಲಿ ಪ್ರಕಟಿಸಿದರು. ಇಲ್ಲಿ ಡಿಎನ್‌ಎಯ ಅಕ್ಷರಗಳು ಬದಲಾಗಿರಬೇಕಾಗಿಲ್ಲ. ಅದರ ಮೇಲೆ ಅಂಟುವ ಮೀಥೈಲ್ ಗುರುತುಗಳು, ಅದು ಸುತ್ತಿಕೊಂಡಿರುವ ಪ್ರೋಟೀನುಗಳು, ವೀರ್ಯಾಣು ಹೊತ್ತೊಯ್ಯುವ ಸಣ್ಣ ಆರ್‌ಎನ್‌ಎ ತುಣುಕುಗಳು ಬದಲಾದರೆ ಸಾಕು, ಭ್ರೂಣದಲ್ಲಿ ಯಾವ ಜೀನ್ ಯಾವಾಗ ಎಷ್ಟು ಕೆಲಸ ಮಾಡಬೇಕೆಂಬುದು ಬದಲಾಗಬಹುದು. ಒಂದೇ ಹಾಳೆಯ ಸ್ವರಪ್ರಸ್ತಾರವನ್ನು ಇಬ್ಬರು ಬೇರೆ ಬೇರೆ ವೇಗದಲ್ಲಿ ಹಾಡಿದಂತೆ. ಇದನ್ನು ಎಪಿಜೆನೆಟಿಕ್ಸ್ ಎನ್ನುತ್ತಾರೆ.

ಮನುಷ್ಯರ ಮಾಹಿತಿ ಹೆಚ್ಚಾಗಿ ಚೀನಾದಿಂದ ಬಂದಿದೆ. ಚಾಂಗ್‌ಶಾ ನಗರದ ಸಂಶೋಧಕರು 55 ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಗರ್ಭಧಾರಣೆಯ ಆಸುಪಾಸಿನಲ್ಲಿ ತಂದೆ ಕುಡಿಯುತ್ತಿದ್ದರೆ ಮಗುವಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುವ ಸಾಧ್ಯತೆ ಶೇ. 44ರಷ್ಟು, ತಾಯಿ ಕುಡಿಯುತ್ತಿದ್ದರೆ ಶೇ. 16ರಷ್ಟು ಹೆಚ್ಚೆಂದು ಕಂಡಿತು. 2021ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 5,29,090 ದಂಪತಿಗಳನ್ನು ಒಳಗೊಂಡಿತ್ತು. ಮುಂಚಿತವಾಗಿ ಕುಡಿಯುತ್ತಿದ್ದ ತಂದೆಯರ ಮಕ್ಕಳಲ್ಲಿ ಸೀಳುತುಟಿ, ಸೀಳು ಅಂಗುಳದ ಸಾಧ್ಯತೆ ಸುಮಾರು ಒಂದೂವರೆ ಪಟ್ಟು ಎಂದು ಅದು ಹೇಳಿತು.

ಈ ಶೇಕಡಾವಾರುಗಳನ್ನು ಓದುವ ಕ್ರಮವೊಂದಿದೆ. ಎರಡನೆಯ ಅಧ್ಯಯನದ ಐದು ಲಕ್ಷಕ್ಕೂ ಮಿಕ್ಕಿದ ದಂಪತಿಗಳಲ್ಲಿ ದಾಖಲಾದ ಒಟ್ಟು ಜನ್ಮದೋಷಗಳು ಸುಮಾರು 600 ಮಾತ್ರ. ತುಂಬ ಅಪರೂಪದ ಸಂಗತಿಯೊಂದು ಒಂದೂವರೆ ಪಟ್ಟಾದರೂ ಅಪರೂಪವಾಗಿಯೇ ಉಳಿಯುತ್ತದೆ. ಅಲ್ಲದೆ ಕುಡಿಯುವ ಗಂಡಸರಲ್ಲಿ ಅನೇಕರು ಸಿಗರೇಟು ಸೇದುತ್ತಾರೆ, ಸರಿಯಾಗಿ ಉಣ್ಣುವುದಿಲ್ಲ, ಕೆಲವರು ಕೀಟನಾಶಕ ಅಥವಾ ಬಣ್ಣಗಳ ನಡುವೆ ದುಡಿಯುತ್ತಾರೆ. ಇವೆಲ್ಲವನ್ನೂ ಲೆಕ್ಕದಿಂದ ಪೂರ್ಣವಾಗಿ ಬೇರ್ಪಡಿಸುವುದು ಕಷ್ಟ. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ತಂದೆಯ ಕುಡಿತದ ವಿರುದ್ಧ ಇರುವ ಪುರಾವೆ ತಾಯಿಯ ಬಸಿರಿನ ಕುಡಿತದ ವಿರುದ್ಧ ಇರುವಷ್ಟು ಗಟ್ಟಿಯಲ್ಲ, ಆದರೆ ನೂರು ದಿನ ಲೋಟ ಕೆಳಗಿಡಲು ಬೇಕಾದಷ್ಟು ಗಟ್ಟಿಯಾಗಿದೆ.

ಒತ್ತಡದ ವಿಷಯದಲ್ಲಿ ಕಥೆ ಇನ್ನೂ ಸೂಕ್ಷ್ಮ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದಾಗ ಟ್ರೇಸಿ ಬೇಲ್ ಅವರ ತಂಡ ಗಂಡಿಲಿಗಳನ್ನು ವಾರಗಟ್ಟಲೆ ಸಣ್ಣಪುಟ್ಟ ಒತ್ತಡಗಳಿಗೆ ಒಡ್ಡಿತು. 2013ರಲ್ಲಿ ಅವರು ವರದಿ ಮಾಡಿದಂತೆ ಆ ಇಲಿಗಳ ವೀರ್ಯಾಣುಗಳಲ್ಲಿ ಮೈಕ್ರೋ ಆರ್‌ಎನ್‌ಎ ಎಂಬ ಒಂಬತ್ತು ಸಣ್ಣ ಆರ್‌ಎನ್‌ಎ ತುಣುಕುಗಳು ಹೆಚ್ಚಾಗಿದ್ದವು, ಮರಿಗಳಲ್ಲಿ ಒತ್ತಡಕ್ಕೆ ಹಾರ್ಮೋನಿನ ಪ್ರತಿಕ್ರಿಯೆ ಮಂದವಾಗಿತ್ತು. 2015ರಲ್ಲಿ ಅದೇ ಒಂಬತ್ತು ತುಣುಕುಗಳನ್ನು ಬೇರೆ ಭ್ರೂಣಗಳಿಗೆ ನೇರವಾಗಿ ಚುಚ್ಚಿದಾಗ, ತಂದೆಗೆ ಯಾವ ಒತ್ತಡವೂ ಇರದಿದ್ದರೂ ಮರಿಗಳಲ್ಲಿ ಅದೇ ಮಂದತೆ ಕಾಣಿಸಿತು. ಜ್ಯೂರಿಕ್‌ನಲ್ಲಿ ಇಸಾಬೆಲ್ ಮಾನ್ಸುಯಿ ಅವರ ತಂಡವೂ, ಎಳವೆಯಲ್ಲಿ ತಾಯಿಯಿಂದ ಪದೇ ಪದೇ ಅಗಲಿಸಿದ ಗಂಡಿಲಿಗಳ ವೀರ್ಯದ ಆರ್‌ಎನ್‌ಎ ಇಂಥದೇ ಸಂದೇಶ ಒಯ್ಯುತ್ತದೆಂದು 2014ರಲ್ಲಿ ತೋರಿಸಿತು. ಇಲ್ಲಿ ಎದ್ದು ಕಾಣುವ ಸಂಗತಿ, ಮರಿಗಳು ಹೆಚ್ಚು ಹೆದರುವವಾಗಿ ಹುಟ್ಟಿದವು ಎಂಬ ಸರಳ ಉತ್ತರ ಬರಲಿಲ್ಲ ಎಂಬುದು. ಪ್ರತಿಕ್ರಿಯೆ ಬದಲಾಯಿತು, ಅಷ್ಟೆ. ಆ ಬದಲಾವಣೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ಮುಂದೆ ಆ ಜೀವಿ ಯಾವ ಪರಿಸರದಲ್ಲಿ ಬಾಳುತ್ತದೆ ಎಂಬುದನ್ನು ಅವಲಂಬಿಸುತ್ತದೆ.

ಮನುಷ್ಯರ ಮೇಲೆ ಇಂಥ ಪ್ರಯೋಗ ಮಾಡಲಾಗದು, ಇತಿಹಾಸವೇ ಮಾಡಿದ ಕ್ರೂರ ಪ್ರಯೋಗಗಳನ್ನು ಓದಬೇಕಾಗುತ್ತದೆ. 1944–45ರ ಚಳಿಗಾಲದಲ್ಲಿ ಜರ್ಮನ್ ದಿಗ್ಬಂಧನದಿಂದ ನೆದರ್‌ಲೆಂಡ್ಸ್‌ನ ಪಶ್ಚಿಮ ಭಾಗದಲ್ಲಿ ಬರಗಾಲ ಬಿದ್ದಿತು. ಆ ಹಸಿವಿನ ನಡುವೆ ಗರ್ಭದಲ್ಲಿ ಮೂಡಿದವರನ್ನು ಆರು ದಶಕಗಳ ನಂತರ ಪರೀಕ್ಷಿಸಿದಾಗ, ಬೆಳವಣಿಗೆಯನ್ನು ನಿಯಂತ್ರಿಸುವ ಐಜಿಎಫ್2 ಎಂಬ ಜೀನಿನ ಮೇಲಿನ ಮೀಥೈಲ್ ಗುರುತುಗಳು ಅವರ ಒಡಹುಟ್ಟಿದವರಿಗಿಂತ ಕಡಿಮೆ ಇದ್ದುದು 2008ರಲ್ಲಿ ಪ್ರಕಟವಾಯಿತು. ಡೆನ್ಮಾರ್ಕಿನ ಸುಮಾರು 13.5 ಲಕ್ಷ ಹೆರಿಗೆಗಳ ದಾಖಲೆಯನ್ನು ಪರಿಶೀಲಿಸಿದ 2009ರ ಅಧ್ಯಯನವೊಂದರಲ್ಲಿ, ಗರ್ಭಧಾರಣೆಗೆ ಮುಂಚಿನ ಆರು ತಿಂಗಳಲ್ಲಿ ಆಪ್ತರ ಸಾವು ಅಥವಾ ಗಂಭೀರ ಕಾಯಿಲೆಯನ್ನು ಕಂಡ ತಾಯಂದಿರಿಗೆ ಅವಧಿಗೆ ಮುಂಚಿನ ಹೆರಿಗೆಯ ಸಾಧ್ಯತೆ ಶೇ. 16ರಷ್ಟು ಹೆಚ್ಚಿತ್ತು. ದೊಡ್ಡವರ ಕಾಯಿಲೆಯ ಬೇರು ಹುಟ್ಟಿಗೂ ಹಿಂದೆ ಇರಬಹುದೆಂಬ ವಿಚಾರಕ್ಕೆ ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯೂ ಆಧಾರ ಒದಗಿಸಿದೆ. 1934ರಿಂದ ಅಲ್ಲಿ ಜೋಪಾನವಾಗಿಟ್ಟಿದ್ದ ಹೆರಿಗೆ ದಾಖಲೆಗಳ ನೆರವಿನಿಂದ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಮುಂದೆ ಹೃದ್ರೋಗ ಹೆಚ್ಚೆಂದು 1996ರಲ್ಲಿ ತಿಳಿದುಬಂತು.

ಗಮನಿಸಿ, ಇಲ್ಲಿ ಹೇಳಿದ ಒತ್ತಡ ಯುದ್ಧದ ಹಸಿವು, ಮರಣ, ತಿಂಗಳುಗಟ್ಟಲೆ ಬಿಡದ ಬಾಧೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಒಂದು ಗಂಟೆ ಸಿಕ್ಕಿಕೊಂಡದ್ದರಿಂದ ಮಗುವಿಗೆ ಏನೋ ಆಗುತ್ತದೆ ಎಂದು ಯಾರೂ ಚಿಂತಿಸಬೇಕಾಗಿಲ್ಲ.

ಹೆಜ್ಜೆ 3: ಕುಡಿತವನ್ನು ಗ್ರಾಮಿನಲ್ಲಿ ಅಳೆಯಿರಿ

"ಅಪರೂಪಕ್ಕೆ ಸ್ವಲ್ಪ" ಎಂಬ ಉತ್ತರದಿಂದ ಯಾವ ವೈದ್ಯರಿಗೂ ಪ್ರಯೋಜನವಿಲ್ಲ. ಲೆಕ್ಕ ಸುಲಭ: ಎಷ್ಟು ಮಿಲಿಲೀಟರ್ ಎಂಬುದನ್ನು ಬಾಟಲಿಯ ಮೇಲಿನ ಶೇಕಡಾ ಮದ್ಯಸಾರದಿಂದ ಗುಣಿಸಿ, ನೂರರಿಂದ ಭಾಗಿಸಿ, ಬಂದದ್ದನ್ನು 0.79ರಿಂದ ಗುಣಿಸಿದರೆ ಶುದ್ಧ ಮದ್ಯಸಾರ ಗ್ರಾಮಿನಲ್ಲಿ ಸಿಗುತ್ತದೆ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್ ಸಾಮಾನ್ಯವಾಗಿ ಶೇ. 42.8ರಷ್ಟು ಗಟ್ಟಿ. ಹಾಗಾಗಿ 30 ಮಿಲಿಯ ಒಂದು ಪೆಗ್ ಎಂದರೆ 10 ಗ್ರಾಂ, ನೈಂಟಿ ಎಂದರೆ 30 ಗ್ರಾಂ, 180 ಮಿಲಿಯ ಕ್ವಾರ್ಟರ್ ಎಂದರೆ 60 ಗ್ರಾಂ ದಾಟಿತು. ವಿಶ್ವ ಆರೋಗ್ಯ ಸಂಸ್ಥೆ ಒಂದೇ ಸಂದರ್ಭದಲ್ಲಿ 60 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೇವಿಸುವುದನ್ನು ವಿಪರೀತ ಕುಡಿತ ಎಂದು ಎಣಿಸುತ್ತದೆ. "ಒಂದೇ ಒಂದು ಕ್ವಾರ್ಟರ್, ಅದೂ ವಾರಕ್ಕೊಮ್ಮೆ" ಎನ್ನುವವರು ತಮ್ಮನ್ನು ಮಿತವಾಗಿ ಕುಡಿಯುವವರೆಂದು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ. ಲೆಕ್ಕದ ಪ್ರಕಾರ ಅವರು ವಾರಕ್ಕೊಮ್ಮೆ ಆ ಗೆರೆ ದಾಟುತ್ತಿರುತ್ತಾರೆ.

"ಬರೀ ಬೀರು" ಎಂಬುದೂ ಇದೇ ಜಾತಿಯ ಮಾತು. 650 ಮಿಲಿಯ ಸ್ಟ್ರಾಂಗ್ ಬೀರಿನಲ್ಲಿ ಮದ್ಯಸಾರ ಶೇ. 7 ಇದ್ದರೆ ಅದು 36 ಗ್ರಾಂ, ಮೂರೂವರೆ ಪೆಗ್ಗಿಗೆ ಸಮ. ಎರಡು ಬಾಟಲಿ ಕ್ವಾರ್ಟರನ್ನು ಮೀರುತ್ತದೆ. 150 ಮಿಲಿ ವೈನ್ ಸುಮಾರು 14 ಗ್ರಾಂ.

ನಾಲ್ಕು ವಾರ ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ದಿನ, ಪ್ರಮಾಣ, ಜೊತೆಗಿದ್ದವರು, ಕುಡಿಯುವ ಮುಂಚೆ ಮನಸ್ಸು ಹೇಗಿತ್ತು ಎಂಬ ನಾಲ್ಕು ವಿವರ ಬರೆಯಿರಿ. ಗಂಡನ ಲೆಕ್ಕವನ್ನು ಗಂಡನೇ ಬರೆಯಲಿ, ಹೆಂಡತಿ ಪತ್ತೇದಾರಿಕೆ ಮಾಡಬೇಕಾಗಿಲ್ಲ. ಬಳಿಕ ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿಗೆ ಉತ್ತರಿಸಿ. 8 ಅಥವಾ ಹೆಚ್ಚು ಅಂಕ ಬಂದರೆ ಕುಡಿತ ಅಪಾಯದ ಮಟ್ಟದಲ್ಲಿದೆ. 20 ಮುಟ್ಟಿದರೆ ಅವಲಂಬನೆ ಇರುವ ಸಂಭವ ಹೆಚ್ಚು, ಅಂಥವರು ಮುಂದಿನ ಹೆಜ್ಜೆಯ ಮೊದಲ ಭಾಗವನ್ನು ತಪ್ಪದೆ ಓದಬೇಕು.

ಹೆಜ್ಜೆ 4: ನಿಲ್ಲಿಸುವ ಕ್ರಮ

ದಿನವೂ ಕುಡಿಯುವವರು, ಬೆಳಿಗ್ಗೆ ಎದ್ದಾಗ ಕೈ ನಡುಗಿ, ಬೆವತು, ಒಂದು ಗುಟುಕು ಹಾಕಿದ ಮೇಲೆಯೇ ಸಮಾಧಾನವಾಗುವವರು ಏಕಾಏಕಿ ನಿಲ್ಲಿಸಬಾರದು. ಹಾಗೆ ನಿಲ್ಲಿಸಿದ ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನಗಳ ನಡುವೆ ದಿಕ್ಕು ತೋಚದೆ, ಇಲ್ಲದ್ದು ಕಂಡು, ಸನ್ನಿ ಹಿಡಿದಂತಾಗುವ ಸ್ಥಿತಿ ಜೀವಕ್ಕೇ ಅಪಾಯ ತರಬಹುದು. ದೇವರ ಮುಂದೆ ಆಣೆ ಮಾಡಿ, ಮಾಲೆ ಧರಿಸಿ ಒಂದೇ ದಿನದಲ್ಲಿ ಬಿಡುವ ಸಂಕಲ್ಪ ನಮ್ಮಲ್ಲಿ ಸಾಮಾನ್ಯ. ಸಂಕಲ್ಪಕ್ಕೆ ನನ್ನ ಆಕ್ಷೇಪವಿಲ್ಲ, ಆದರೆ ಅವಲಂಬನೆ ಇರುವವರು ಆಣೆಗೆ ಮುಂಚೆ ವೈದ್ಯರನ್ನು ಕಾಣಬೇಕು. ಆಸ್ಪತ್ರೆಯಲ್ಲಿ ಥಯಾಮಿನ್ ಜೀವಸತ್ವವನ್ನೂ ನಡುಕ ತಡೆಯುವ ಔಷಧವನ್ನೂ ಕೊಟ್ಟು ಕೆಲವೇ ದಿನಗಳಲ್ಲಿ ಸುರಕ್ಷಿತವಾಗಿ ದಾಟಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಮೊದಲ ಮಾತನ್ನು ಫೋನಿನಲ್ಲೇ ಆಡುವುದಾದರೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446.

ಗಂಡನಿಗೆ ತಿಳಿಯದಂತೆ ಸಾರಿನಲ್ಲೋ ಮಜ್ಜಿಗೆಯಲ್ಲೋ ಕುಡಿತ ಬಿಡಿಸುವ ಪುಡಿ ಬೆರೆಸುವ ಮನೆಗಳಿವೆ. ಅಂಥ ಪುಡಿಯಲ್ಲಿ ಡೈಸಲ್ಫಿರಾಮ್ ಇದ್ದರೆ, ಅದನ್ನು ತಿಂದವನು ಅರಿಯದೆ ಮದ್ಯ ಕುಡಿದಾಗ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಎರವಾಗಬಹುದು. ಆ ಔಷಧ ರೋಗಿಯ ಒಪ್ಪಿಗೆಯಿಂದ, ವೈದ್ಯರ ನಿಗಾದಲ್ಲಿ ಮಾತ್ರ ನಡೆಯತಕ್ಕದ್ದು. ಪೇಟೆಯ ಹೆಸರಿಲ್ಲದ ಪುಡಿಗಳನ್ನು ಯಾವ ಕಾರಣಕ್ಕೂ ತರಬೇಡಿ.

ಅವಲಂಬನೆ ಇಲ್ಲದವರಿಗೆ ಕೆಲಸ ಹಗುರ. ಕ್ಯಾಲೆಂಡರಿನಲ್ಲಿ ಗುರುತು ಮಾಡಿದ ದಿನದಿಂದ ಇಬ್ಬರೂ ನಿಲ್ಲಿಸಿ, ಮನೆಯಲ್ಲಿರುವ ಬಾಟಲಿಗಳನ್ನು ಹೊರಗೆ ಸಾಗಿಸಿ. ಕಷ್ಟ ಬರುವುದು ಬೀಗರೂಟದಲ್ಲಿ, ಜಾತ್ರೆಯ ಬಾಡೂಟದಲ್ಲಿ, ಆಫೀಸಿನ ಬೀಳ್ಕೊಡುಗೆಯಲ್ಲಿ. "ಮಾತ್ರೆ ತಗೋತಾ ಇದೀನಿ, ಡಾಕ್ಟರ್ ಬೇಡ ಅಂದಿದಾರೆ" ಎಂಬ ಒಂದು ವಾಕ್ಯವನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ. ಕಾರಣ ವಿವರಿಸಲು ಹೋದರೆ ಚರ್ಚೆ ಬೆಳೆಯುತ್ತದೆ, ಚರ್ಚೆಯ ಕೊನೆಗೆ ಲೋಟ ಕೈಗೆ ಬಂದಿರುತ್ತದೆ. ಮದ್ಯದ ಜಾಗಕ್ಕೆ ಗುಟ್ಕಾ, ಸಿಗರೇಟು ಬಂದು ಕೂರದಂತೆಯೂ ನೋಡಿಕೊಳ್ಳಿ, ತಂಬಾಕು ವೀರ್ಯಾಣುವಿಗೆ ಹಾನಿ ಮಾಡುತ್ತದೆ.

ನಡುವೆ ಒಂದು ದಿನ ಎಡವಿದರೆ ನೋಟ್‌ಬುಕ್ಕಿನಲ್ಲಿ ಬರೆದು ಮರುದಿನ ಮತ್ತೆ ಆರಂಭಿಸಿ. ಆದರೆ ವಾರಾಂತ್ಯಪೂರ್ತಿ ಕುಡಿತವಾಗಿದ್ದರೆ ಪ್ರಯತ್ನವನ್ನು ಇನ್ನಷ್ಟು ವಾರ ಮುಂದಕ್ಕೆ ಹಾಕುವುದೇ ಲೇಸು. ಗೋಲ್ಡಿಂಗ್ ತಂಡದ ಇಲಿಗಳಲ್ಲಿ ಮದ್ಯ ನಿಲ್ಲಿಸಿ ಒಂದು ತಿಂಗಳಾದ ಮೇಲೂ ಸಂತಾನಾಂಗಗಳಲ್ಲಿ ಅದರ ಪರಿಣಾಮ ಉಳಿದಿತ್ತು. "ಹದಿನೈದು ದಿನ ಬಿಟ್ಟರೆ ಸಾಕು" ಎಂಬ ಲೆಕ್ಕ ನಡೆಯದಿರುವುದು ಈ ಕಾರಣಕ್ಕೆ.

ಹೆಜ್ಜೆ 5: ಒತ್ತಡದ ಮೂಲವನ್ನು ಹುಡುಕಿ

ಕುಡಿತ ಮತ್ತು ಒತ್ತಡಗಳನ್ನು ಸಂಶೋಧಕರು ಬೇರೆ ಬೇರೆ ಪಂಜರಗಳಲ್ಲಿ ಅಧ್ಯಯನ ಮಾಡುತ್ತಾರೆ. ಮನೆಯಲ್ಲಿ ಅವು ಒಂದೇ ಕೋಣೆಯಲ್ಲಿರುತ್ತವೆ. ಗಂಡ ಸಾಲದ ಚಿಂತೆಗೆ ಕುಡಿಯುತ್ತಾನೆ, ಕುಡಿತದಿಂದ ಸಾಲ ಬೆಳೆಯುತ್ತದೆ, ರಾತ್ರಿ ಹನ್ನೊಂದಾದರೂ ಬಾರದ ಅವನಿಗಾಗಿ ಹೆಂಡತಿ ಬಾಗಿಲ ಬಳಿ ಕಾಯುತ್ತಾಳೆ. ಅವನ ವೀರ್ಯಾಣುವಿಗೆ ಮದ್ಯದ ಭಾರ, ಅವಳ ದೇಹಕ್ಕೆ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನಿನ ಭಾರ. ಅವಳಿಗೆ "ಟೆನ್ಶನ್ ಮಾಡ್ಕೋಬೇಡಮ್ಮ" ಎಂದು ಬುದ್ಧಿ ಹೇಳುವ ಹಿರಿಯರು ಆ ಟೆನ್ಶನ್ ಎಲ್ಲಿಂದ ಬಂತೆಂದು ಕೇಳುವುದಿಲ್ಲ. ಇಂಥ ಮನೆಯಲ್ಲಿ ಹೆಂಡತಿಯ ಒತ್ತಡಕ್ಕೆ ಮೊದಲ ಮದ್ದು ಪ್ರಾಣಾಯಾಮವಲ್ಲ, ಗಂಡನ ಕುಡಿತಕ್ಕೆ ಚಿಕಿತ್ಸೆ. ಹೊಡೆತ, ಬೈಗುಳ ಇದ್ದಲ್ಲಿ ಮಗುವಿನ ಯೋಜನೆಯನ್ನೇ ಮುಂದೂಡಿ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬೇಕು. ಮಗು ಹುಟ್ಟಿದರೆ ಅವನು ಸರಿಹೋಗುತ್ತಾನೆ ಎಂಬ ನಂಬಿಕೆಗೆ ಮಗುವನ್ನು ಒತ್ತೆ ಇಡಬಾರದು.

ಉಳಿದವರು ಒಂದು ಹಾಳೆಯಲ್ಲಿ ತಮ್ಮನ್ನು ಕಾಡುವ ಸಂಗತಿಗಳನ್ನೆಲ್ಲ ಬರೆದು, ನೂರು ದಿನಗಳಲ್ಲಿ ಬದಲಾಯಿಸಬಹುದಾದ ಒಂದೆರಡನ್ನು ಆರಿಸಿಕೊಳ್ಳಿ. ರಾತ್ರಿ ಪಾಳಿಯಿಂದ ಹಗಲು ಪಾಳಿಗೆ ವರ್ಗ ಕೇಳುವುದು, ಕಂತು ಹೆಚ್ಚಿರುವ ಸಾಲದ ಬಗ್ಗೆ ಬ್ಯಾಂಕಿನಲ್ಲಿ ಮಾತಾಡುವುದು, ವಾರಕ್ಕೆ ಐದು ದಿನ ಅರ್ಧ ಗಂಟೆ ಇಬ್ಬರೂ ನಡೆಯುವುದು, ಮಲಗುವ ಹೊತ್ತನ್ನು ಒಂದೇ ಸಮಯಕ್ಕೆ ತರುವುದು ಕೆಲಸಕ್ಕೆ ಬರುವ ಸಂಗತಿಗಳು. ನಿದ್ದೆಗೆಂದು ಒಂದು ಪೆಗ್ ಹಾಕುವವರು ತಿಳಿಯಬೇಕಾದ ವಿಷಯವೆಂದರೆ, ಮದ್ಯ ಬೇಗ ನಿದ್ದೆ ತರಿಸಿದರೂ ರಾತ್ರಿಯ ಎರಡನೆಯ ಅರ್ಧದ ನಿದ್ದೆಯನ್ನು ಕೆಡಿಸುತ್ತದೆ.

ನಮ್ಮಲ್ಲಿ ಬಹುಪಾಲು ದಂಪತಿಗಳನ್ನು ಕಾಡುವ ಇನ್ನೊಂದು ಒತ್ತಡ ವೈದ್ಯಕೀಯ ಪಟ್ಟಿಗಳಲ್ಲಿ ಸಿಗುವುದಿಲ್ಲ. ಮದುವೆಮನೆ, ಗೃಹಪ್ರವೇಶ, ನಾಮಕರಣ ಎಲ್ಲಿ ಹೋದರೂ "ಏನಮ್ಮ, ಏನಾದ್ರೂ ವಿಶೇಷ?" ಎಂಬ ಪ್ರಶ್ನೆ ಕಾದಿರುತ್ತದೆ, ಅದೂ ಹೆಂಡತಿಯನ್ನು ಹುಡುಕಿಕೊಂಡು ಬರುತ್ತದೆ. ಈ ಪ್ರಶ್ನೆಗೆ ಉತ್ತರಿಸುವ ಜವಾಬ್ದಾರಿಯನ್ನು ನೂರು ದಿನಗಳ ಮಟ್ಟಿಗೆ ಪೂರ್ತಿಯಾಗಿ ಗಂಡ ವಹಿಸಿಕೊಳ್ಳಲಿ. "ಇನ್ನೂ ನಾವೇ ಬೇಡ ಅಂದ್ಕೊಂಡಿದೀವಿ ಅತ್ತೆ, ಆದಾಗ ನಾನೇ ಫೋನ್ ಮಾಡ್ತೀನಿ" ಎಂದು ಅವನು ಒಮ್ಮೆ ಹೇಳಿದರೆ ಹತ್ತು ಜನರಿಗೆ ಹೇಳಿದಂತೆ.

ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಬದುಕು ಬೇಡವೆನಿಸಿದರೆ ಅದು ಒತ್ತಡದ ಗೆರೆ ದಾಟಿದ ಸ್ಥಿತಿ. ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಹೆಜ್ಜೆ 6: ವೈದ್ಯರ ಬಳಿಗೆ ಇಬ್ಬರೂ ಹೋಗಿ

ಪ್ರಸೂತಿ ತಜ್ಞರ ಕೋಣೆಯ ಹೊರಗಿನ ಬೆಂಚಿನ ಮೇಲೆ ಫೋನು ನೋಡುತ್ತ ಕೂರುವ ಗಂಡಂದಿರ ಸಾಲು ಎಲ್ಲ ಊರಿನಲ್ಲೂ ಒಂದೇ. ಈ ಭೇಟಿಯಲ್ಲಿ ಒಳಗೆ ಹೋಗಿ ಕೂರಿ, ನಾಲ್ಕು ವಾರದ ನೋಟ್‌ಬುಕ್ ಕೈಯಲ್ಲಿರಲಿ.

ಹೆಂಡತಿ ಗರ್ಭಧಾರಣೆಗೆ ಕನಿಷ್ಠ ಒಂದು ತಿಂಗಳು ಮುಂಚಿನಿಂದ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ತೆಗೆದುಕೊಳ್ಳಬೇಕು. ಹಿಂದಿನ ಮಗುವಿಗೆ ಬೆನ್ನುಹುರಿಯ ದೋಷವಿದ್ದರೆ ಅದರ ಹತ್ತು ಪಟ್ಟು ಪ್ರಮಾಣವನ್ನು ವೈದ್ಯರು ಬರೆದುಕೊಡುತ್ತಾರೆ. ಮದ್ಯ ಫೋಲೇಟ್ ಹೀರಿಕೊಳ್ಳುವಿಕೆಯನ್ನು ಕುಗ್ಗಿಸುವುದರಿಂದ ಕುಡಿಯುತ್ತಿದ್ದ ಹೆಂಗಸರಿಗೆ ಇದು ಇನ್ನೂ ಮುಖ್ಯ. ರಕ್ತದಲ್ಲಿ ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ಬಿ12 ನೋಡಿಸಿ, ಗಂಡನಿಗೆ ಕುಡಿತದ ಹಿನ್ನೆಲೆ ಇದ್ದರೆ ಯಕೃತ್ತಿನ ಪರೀಕ್ಷೆಯೂ ಆಗಲಿ.

ಔಷಧಗಳ ವಿಷಯದಲ್ಲಿ ಒಂದು ಎಚ್ಚರ. ಫಿಟ್ಸ್‌ಗೂ ಮನಸ್ಸಿನ ಏರಿಳಿತದ ಕಾಯಿಲೆಗೂ ಕೊಡುವ ವಾಲ್ಪ್ರೊಯೇಟ್ ಗರ್ಭಕ್ಕೆ ತುಂಬ ಹಾನಿಕರ. 2024ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಗರ್ಭಧಾರಣೆಗೆ ಮುಂಚಿನ ಮೂರು ತಿಂಗಳಲ್ಲಿ ತಂದೆ ಅದನ್ನು ಸೇವಿಸುವ ಬಗ್ಗೆಯೂ ಮುನ್ನೆಚ್ಚರಿಕೆ ಸೂಚಿಸಿತು. ಆದರೆ ಯಾವ ಮಾನಸಿಕ ಔಷಧವನ್ನೂ ನೀವಾಗಿಯೇ ನಿಲ್ಲಿಸಬೇಡಿ. ಕಾಯಿಲೆ ಮರುಕಳಿಸಿದರೆ ಆಗುವ ತೊಂದರೆ ಔಷಧದ ತೊಂದರೆಗಿಂತ ದೊಡ್ಡದಾಗಿರಬಹುದು, ಬದಲಿ ಔಷಧಕ್ಕೆ ಸಾಗಲು ವೈದ್ಯರಿಗೆ ಸಮಯ ಬೇಕು.

ಹೆಜ್ಜೆ 7: ನೂರು ದಿನ ಕಾಯದೆ ಗರ್ಭ ನಿಂತಿದ್ದರೆ

ಎಷ್ಟೋ ಗರ್ಭಗಳು ಯೋಜನೆಯಿಲ್ಲದೆ ನಿಲ್ಲುತ್ತವೆ. ಮಗುವಿನ ಮಿದುಳು ಮತ್ತು ಬೆನ್ನುಹುರಿಗೆ ಮೂಲವಾದ ನರನಾಳ ಗರ್ಭಧಾರಣೆಯ ಸುಮಾರು 28ನೇ ದಿನದ ಹೊತ್ತಿಗೆ ಮುಚ್ಚಿಕೊಂಡಿರುತ್ತದೆ. ಮುಟ್ಟು ತಪ್ಪಿದೆಯೆಂದು ಅನೇಕರಿಗೆ ಗೊತ್ತಾಗುವುದು ಆ ಆಸುಪಾಸಿನಲ್ಲೇ. ಗೊತ್ತಾದ ದಿನವೇ ತಾಯಿ ಮದ್ಯ ನಿಲ್ಲಿಸಿ, ಫೋಲಿಕ್ ಆಸಿಡ್ ಆರಂಭಿಸಿ, ಎಷ್ಟು ಕುಡಿದಿದ್ದರೆಂಬುದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ದಿನವೂ ಕುಡಿಯುತ್ತಿದ್ದವರಾಗಿದ್ದರೆ ಆ ನಿಲ್ಲಿಸುವಿಕೆಯೂ ಆಸ್ಪತ್ರೆಯಲ್ಲೇ ನಡೆಯಲಿ. ತಂದೆ ಕುಡಿಯುತ್ತಿದ್ದ ಅಥವಾ ತಾಯಿ ಗೊತ್ತಾಗುವ ಮುಂಚೆ ಎರಡು ಸಲ ಕುಡಿದಿದ್ದಳು ಎಂಬಷ್ಟೇ ಕಾರಣಕ್ಕೆ ಗರ್ಭಪಾತದ ಯೋಚನೆ ಬೇಕಿಲ್ಲ. ಸುಮಾರು 18ರಿಂದ 20ನೇ ವಾರದಲ್ಲಿ ಮಾಡುವ ಅಂಗರಚನೆಯ ಸ್ಕ್ಯಾನಿನಲ್ಲಿ ಹೃದಯವನ್ನೂ ತುಟಿಯನ್ನೂ ವಿಶೇಷವಾಗಿ ಗಮನಿಸುವಂತೆ ಕೇಳಿಕೊಳ್ಳಬಹುದು.

ಹೆಜ್ಜೆ 8: ಮಗು ಈಗಾಗಲೇ ಹುಟ್ಟಿದ್ದರೆ

ಇದನ್ನು ಓದುತ್ತಿರುವ ಕೆಲವರ ಮಗು ಪಕ್ಕದ ಕೋಣೆಯಲ್ಲಿ ಮಲಗಿರುತ್ತದೆ, ಅವರ ಮನಸ್ಸು ಹಿಂದಿನ ವರ್ಷಗಳ ಲೆಕ್ಕ ಹಾಕುತ್ತಿರುತ್ತದೆ. ಅವರಿಗೆ ಹೇಳಬೇಕಾದ ಸಂಗತಿ ಮಾನ್ಸುಯಿ ಅವರ ಪ್ರಯೋಗಾಲಯದಿಂದಲೇ ಬಂದಿದೆ. ಎಳವೆಯಲ್ಲಿ ಬಾಧೆಪಟ್ಟ ಗಂಡಿಲಿಗಳನ್ನು ಬೆಳೆದ ಮೇಲೆ ಆಟಿಕೆ, ಚಕ್ರ, ಸಂಗಾತಿಗಳಿರುವ ವಿಶಾಲ ಪಂಜರದಲ್ಲಿಟ್ಟಾಗ ಅವುಗಳ ಮರಿಗಳಲ್ಲಿ ನಡವಳಿಕೆಯ ವ್ಯತ್ಯಾಸ ಕಾಣಲಿಲ್ಲ ಎಂದು 2016ರಲ್ಲಿ ವರದಿಯಾಯಿತು. ಎಪಿಜೆನೆಟಿಕ್ ಗುರುತುಗಳು ಕಲ್ಲಿನ ಶಾಸನಗಳಲ್ಲ. ಜೊತೆಗೆ, ಹುಟ್ಟಿದ ಮಗುವಿನ ಮೇಲೆ ವೀರ್ಯಾಣುವಿನ ಆರ್‌ಎನ್‌ಎಗಿಂತ ಎಷ್ಟೋ ಹೆಚ್ಚು ಪ್ರಭಾವ ಬೀರುವುದು ಈಗ ಸಂಜೆ ಏಳಕ್ಕೆ ಮನೆಗೆ ಬರುವ ಅಪ್ಪ ಯಾವ ಸ್ಥಿತಿಯಲ್ಲಿರುತ್ತಾನೆ ಎಂಬುದು. ನೂರು ದಿನಗಳ ಕ್ಯಾಲೆಂಡರ್ ಅಂಥ ಮನೆಗೂ ಹೊಂದುತ್ತದೆ.

ಮಗುವಿನ ತೂಕ ಏರದಿದ್ದರೆ, ಮಾತು ತಡವಾದರೆ, ಕಲಿಕೆಯಲ್ಲಿ ಹಿಂದುಳಿದರೆ, ಮಕ್ಕಳ ತಜ್ಞರಿಗೆ ಗರ್ಭಧಾರಣೆಯ ಆಸುಪಾಸಿನ ಇತಿಹಾಸವನ್ನು ಪೂರ್ತಿ ಹೇಳಿ. ಆ ವಿವರವನ್ನು ತಾಯಿಯ ಹೆಸರಿನ ಕೆಳಗೆ ಮಾತ್ರ ಬರೆದುಕೊಳ್ಳುವ ರೂಢಿ ಇರುವುದರಿಂದ, ತಂದೆಯ ಕುಡಿತದ ಲೆಕ್ಕವನ್ನು ತಂದೆಯೇ ಎದುರು ಕೂತು, ಗ್ರಾಮಿನಲ್ಲಿ, ಕಡತದಲ್ಲಿ ಬರೆಸಲಿ.